ಆವರೇಜ್ ಯಾರ ಪಾಲಿಗೆ

ಕಿಕ್ಕೇರಿ ಹೋಬಳಿಯಲ್ಲಿ ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತು ಯಾರನ್ನಾದರೂ ‘ಈ ಸಲ ಹೆಂಗಣ್ಣ?’ ಎಂದು ಕೇಳಿನೋಡಿ. ‘ಆವರೇಜು ನಲ್ವತ್ತು ಟನ್ ಬತ್ತದೆ, ಮೋಸ ಇಲ್ಲ’ ಎನ್ನುತ್ತಾರೆ. ಅಲ್ಲಿ ಆ ಪದಕ್ಕೆ ನೆಮ್ಮದಿಯ ದನಿ. ಅದೇ ಪದ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಬಂದು ಹೊಸ ಸಿನಿಮಾದ ಮೇಲೆ ಕೂತರೆ, ‘ಆವರೇಜ್ ಕಣೋ’ ಎಂದರೆ ದುಡ್ಡು ದಂಡ ಮಾಡಬೇಡ ಎಂದೇ ಅರ್ಥ. ಶಾಲೆಯ ಪೋಷಕರ ಸಭೆಯಲ್ಲಿ ‘ನಿಮ್ಮ ಮಗ ಆವರೇಜ್’ ಎಂದು ಮೇಷ್ಟ್ರು ಹೇಳಿದರೆ ಅಪ್ಪನ ಮುಖ ಬಾಡುತ್ತದೆ. ಬೆಳಗಾವಿ ಕಡೆಯವರು ಬೈಕು ತೋರಿಸಿ ‘ಆವರೇಜ್ ಎಷ್ಟ ಕೊಡ್ತೈತ್ರಿ’ ಎಂದು ಕೇಳುತ್ತಾರೆ. ನಮ್ಮ ಸೀಮೆಯಲ್ಲಿ ಆ ಜಾಗವನ್ನು ಮೈಲೇಜ್ ಹಿಡಿದುಕೊಂಡಿದೆ.

ಗಣಿತದ ಪುಸ್ತಕದಲ್ಲಿ ಈ ಪದಕ್ಕೆ ನೆಮ್ಮದಿಯೂ ಇಲ್ಲ, ಅವಮಾನವೂ ಇಲ್ಲ. ಇರುವ ಸಂಖ್ಯೆಗಳನ್ನೆಲ್ಲ ಕೂಡು, ಎಷ್ಟಿವೆಯೋ ಅಷ್ಟರಿಂದ ಭಾಗಿಸು. ಪ್ರೈಮರಿ ಶಾಲೆಯ ಹುಡುಗರು ಬೆರಳು ಮಡಿಸಿ ಮಾಡುವ ಲೆಕ್ಕ. ಆದರೆ ಊರಿನ ಬಾಳಿನಲ್ಲಿ ಈ ಸಣ್ಣ ಲೆಕ್ಕಕ್ಕಿರುವ ಅಧಿಕಾರ ಬಹಳ ದೊಡ್ಡದು. ಕಬ್ಬಿಗೆ ಸಿಗುವ ಬೆಲೆ, ಮಳೆ ಬಂತೋ ಇಲ್ಲವೋ ಎಂಬ ಸರ್ಕಾರದ ತೀರ್ಪು, ಕಾವೇರಿ ನೀರಿನ ಪಾಲು, ಬೆಳೆ ಹೋದಾಗ ಬರುವ ಪರಿಹಾರ ಎಲ್ಲದರ ಒಳಗೂ ಅದು ಕೂತಿದೆ. ಕಿಕ್ಕೇರಿ 1915ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರು. ಮನೆಮಾತಿನ ಪದಗಳನ್ನು ಅಷ್ಟು ಅಕ್ಕರೆಯಿಂದ ನಡೆಸಿಕೊಂಡ ಕವಿಯ ಊರಿನಲ್ಲಿ ಹೊರಗಿಂದ ಬಂದು ನೆಲೆನಿಂತ ಈ ಪದವನ್ನೂ ಕೂರಿಸಿ ಪೂರ್ವೋತ್ತರ ವಿಚಾರಿಸುವುದು ತಪ್ಪಾಗಲಾರದು.

ಇದರ ತವರು ಕಡಲು. ಅರಬ್ಬಿಯಲ್ಲಿ ‘ಅವಾರ್’ ಎಂದರೆ ಸರಕಿಗೆ ತಗುಲಿದ ಹಾನಿ. ಆ ಪದ ಮೆಡಿಟರೇನಿಯನ್ ಬಂದರುಗಳ ವ್ಯಾಪಾರಿಗಳ ಬಾಯಿಗೆ ಬಿದ್ದು ಇಟಲಿಯಲ್ಲಿ ‘ಅವರೀಯ’, ಫ್ರಾನ್ಸಿನಲ್ಲಿ ‘ಅವರೀ’ ಎನಿಸಿಕೊಂಡು, ಇಂಗ್ಲಿಷಿಗೆ ಬರುವಷ್ಟರಲ್ಲಿ ಆವರೇಜ್ ಆಯಿತು ಎಂಬುದು ಹೆಚ್ಚಿನ ನಿಘಂಟುಕಾರರ ಮಾತು. ಹಡಗು ಬಿರುಗಾಳಿಗೆ ಸಿಕ್ಕಿದೆ ಎಂದುಕೊಳ್ಳಿ. ಭಾರ ಇಳಿಸದೆ ಉಳಿಗಾಲವಿಲ್ಲ. ಕೈಗೆ ಸಿಕ್ಕ ಮೂಟೆಗಳನ್ನು ನೀರಿಗೆ ಎಸೆಯುತ್ತಾರೆ. ಹಡಗು ದಡ ಸೇರುತ್ತದೆ. ಎಸೆದ ಮೂಟೆ ಒಬ್ಬನದು, ಉಳಿದ ಸರಕು ಹತ್ತಾರು ಜನರದು. ಆ ಒಬ್ಬನ ನಷ್ಟದಿಂದಲೇ ತಾನೇ ಉಳಿದವರ ಮಾಲು ಉಳಿದದ್ದು? ಆದ್ದರಿಂದ ನಷ್ಟವನ್ನು ಎಲ್ಲರ ಮೇಲೂ, ಅವರವರ ಸರಕಿನ ಬೆಲೆಗೆ ತಕ್ಕಂತೆ ಹಂಚಬೇಕು. ರೋಡ್ಸ್ ದ್ವೀಪದವರ ಹೆಸರಿನಲ್ಲಿದ್ದ ಈ ಕಟ್ಟಳೆ ಆರನೇ ಶತಮಾನದ ರೋಮನ್ ಕಾನೂನಿನ ಸಂಗ್ರಹದಲ್ಲಿ ಉಳಿದು ಬಂದಿದೆ. ಮುಂದೆ ಇಂಗ್ಲಿಷಿನಲ್ಲಿ ಹೀಗೆ ನಷ್ಟ ಹಂಚುವುದಕ್ಕೇ ಆವರೇಜ್ ಎಂಬ ಹೆಸರು ನಿಂತಿತು. ಹಂಚುವಾಗ ಮಾಡುತ್ತಿದ್ದ ಕೂಡುವ, ಭಾಗಿಸುವ ಲೆಕ್ಕಕ್ಕೂ ಆಮೇಲೆ ಅದೇ ಹೆಸರು ಅಂಟಿಕೊಂಡಿತು. ಹದಿನೆಂಟನೇ ಶತಮಾನದ ಹೊತ್ತಿಗೆ ಹಡಗು, ಮೂಟೆ, ನಷ್ಟ ಎಲ್ಲ ಕಳಚಿಹೋಗಿ ಲೆಕ್ಕ ಮಾತ್ರ ಉಳಿಯಿತು.

ಹಡಗಿನವರು ಮಾತ್ರ ಹಳೆಯ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. 2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡ ‘ಎವರ್ ಗಿವನ್’ ಹಡಗನ್ನು ಬಿಡಿಸಿದ ಮೇಲೆ ಅದರ ಮಾಲೀಕರು ಘೋಷಿಸಿದ್ದು ‘ಜನರಲ್ ಆವರೇಜ್’. ಹಡಗು ಬಿಡಿಸಿದ ಖರ್ಚಿನಲ್ಲಿ ಅದರೊಳಗೆ ಸರಕಿಟ್ಟಿದ್ದ ಪ್ರತಿಯೊಬ್ಬರೂ ಪಾಲು ಕೊಡಬೇಕು ಎಂದು.

ಕನ್ನಡದ ‘ಸರಾಸರಿ’ ಬಂದದ್ದು ಬೇರೆ ದಾರಿಯಲ್ಲಿ. ಪಾರಸಿಯಲ್ಲಿ ‘ಸರ್’ ಎಂದರೆ ತಲೆ. ‘ಸರಾಸರ್’ ಎಂದರೆ ಈ ತುದಿಯಿಂದ ಆ ತುದಿಯವರೆಗೆ, ಪೂರಾ. ಹಿಂದಿಯವರು ‘ಸರಾಸರ್ ಝೂಟ್’ ಎಂದರೆ ಶುದ್ಧ ಸುಳ್ಳು. ಮರಾಠಿಯವರಿಗೂ ನಮಗೂ ಅದು ಕಂದಾಯದ ದಫ್ತರಗಳ ಮೂಲಕ ‘ಒಟ್ಟಾರೆ ಲೆಕ್ಕ’ವಾಗಿ ಬಂತು. ದಫ್ತರದಲ್ಲಿ ಅದರ ನೆರೆಯಲ್ಲೇ ಅಡಸಟ್ಟೆ, ಅಜಮಾಸು, ಅಂದಾಜು ಇದ್ದವು. ಬೇಸಾಯಗಾರರ ಬಾಯಲ್ಲಿ ಇವೆಲ್ಲಕ್ಕಿಂತ ಖಚಿತವಾದ ಇನ್ನೊಂದು ಅಳತೆ ಇತ್ತು: ಆಣೆ. ಪೂರ್ತಿ ಬಂದರೆ ಹದಿನಾರಾಣೆ ಬೆಳೆ, ಅರ್ಧ ಬಂದರೆ ಎಂಟಾಣೆ ಬೆಳೆ. ಆಣೆ ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾದರೂ ‘ಈ ಸಲ ಎಂಟಾಣೆ ಬೆಳೆ’ ಎನ್ನುವ ಹಿರಿಯರು ಇದ್ದಾರೆ. ನನಗೆ ಆ ಮಾತು ಇಷ್ಟ, ಏಕೆಂದರೆ ಅದರಲ್ಲಿ ಪೂರ್ತಿ ಯಾವುದು, ಕಳೆದದ್ದೆಷ್ಟು ಎರಡೂ ಒಟ್ಟಿಗೆ ಕಾಣುತ್ತವೆ. ಆವರೇಜ್ ಎಂದಾಗ ಕಳೆದದ್ದು ಕಾಣುವುದಿಲ್ಲ.

ಕಬ್ಬಿನ ವಿಷಯಕ್ಕೇ ಬರೋಣ. ಕೆ.ಆರ್. ಪೇಟೆ ತಾಲ್ಲೂಕಿನ ಕಬ್ಬು ಮಾಕವಳ್ಳಿಯ ಕಾರ್ಖಾನೆಗೂ ಹೋಗುತ್ತದೆ, ಆಲೆಮನೆಗೂ ಹೋಗುತ್ತದೆ. ಕೇಂದ್ರ ಸರ್ಕಾರ 2025–26ರ ಹಂಗಾಮಿಗೆ ನಿಗದಿ ಮಾಡಿದ ಬೆಲೆ ಟನ್ನಿಗೆ 3,550 ರೂಪಾಯಿ. ಆದರೆ ಅದು ಸಕ್ಕರೆ ರಿಕವರಿ ಶೇ 10.25 ಇದ್ದರೆ. ರಿಕವರಿ 0.1 ಹೆಚ್ಚಾದಾಗಲೆಲ್ಲ 34 ರೂಪಾಯಿ 60 ಪೈಸೆ ಏರುತ್ತದೆ, ಕಡಿಮೆಯಾದರೆ ಅಷ್ಟೇ ಇಳಿಯುತ್ತದೆ. ಶೇ 9.5 ಮುಟ್ಟಿದ ಮೇಲೆ ಇನ್ನೂ ಇಳಿಸುವಂತಿಲ್ಲ. ಅಲ್ಲಿ ಬೆಲೆ 3,290 ರೂಪಾಯಿ 50 ಪೈಸೆ. ಬೆಳಗಾವಿ ಸೀಮೆಯ ಕಬ್ಬಿಗೆ ಹೋಲಿಸಿದರೆ ನಮ್ಮ ಕಡೆ ರಿಕವರಿ ಕಡಿಮೆ ಎಂಬುದು ಎಲ್ಲರಿಗೂ ಗೊತ್ತು.

ಈಗ ಕೇಳಬೇಕಾದದ್ದು, ಯಾರ ಕಬ್ಬಿನ ರಿಕವರಿ? ನಿಮ್ಮದಲ್ಲ, ನಿಮ್ಮ ಪಕ್ಕದ ಗದ್ದೆಯವರದೂ ಅಲ್ಲ. ಇಡೀ ಹಂಗಾಮಿನಲ್ಲಿ ಆ ಕಾರ್ಖಾನೆ ಅರೆದ ಒಟ್ಟು ಕಬ್ಬಿನಿಂದ ಬಂದ ಒಟ್ಟು ಸಕ್ಕರೆಯ ಲೆಕ್ಕ. ಒಬ್ಬರು ಹಟ್ಟಿಗೊಬ್ಬರ ಹಾಕಿ, ರವುದಿ ಸುಡದೆ ಮಣ್ಣಿಗೆ ಬಿಟ್ಟು, ಹದವಾಗಿ ನೀರು ಕಟ್ಟಿ, ತೀರಾ ಬಲಿತ ಮೇಲೆ ಕಡಿಸುತ್ತಾರೆ. ಇನ್ನೊಬ್ಬರು ಕಡಿಯುವ ವಾರದವರೆಗೂ ನೀರು ಹಾಯಿಸಿ ತೂಕ ಹೆಚ್ಚಿಸಿಕೊಳ್ಳುತ್ತಾರೆ. ಕಟಾವಿಗೆ ಆಳು ಸಿಗದೆ ಮತ್ತೊಬ್ಬರ ಕಬ್ಬು ಗದ್ದೆಯಲ್ಲೇ ಒಣಗುತ್ತದೆ. ಮೂವರ ಕಬ್ಬೂ ಒಂದೇ ಗಾಣದೊಳಗೆ ಹೋಗಿ ಮೂವರಿಗೂ ಒಂದೇ ದರ ಬರುತ್ತದೆ. ಸಿಹಿಗೆ ಬೆಲೆ ಎಂದು ಕಾನೂನು ಹೇಳಿದರೂ ರೈತನ ಕೈಯಲ್ಲಿ ಉಳಿಯುವುದು ತೂಕಕ್ಕೆ ಬೆಲೆ. ಲೋಡಿಗೊಂದರಂತೆ ಸಿಹಿ ಅಳೆದು ದುಡ್ಡು ಕೊಡುವುದು ಸುಲಭವಲ್ಲ, ನಿಜ. ಆದರೆ ಚೆನ್ನಾಗಿ ಬೆಳೆದವರ ಶ್ರಮದ ಒಂದು ಪಾಲು ಸದ್ದಿಲ್ಲದೆ ಬೇರೆಯವರ ಖಾತೆಗೆ ಹೋಗುತ್ತಿದೆ ಎಂಬುದೂ ಅಷ್ಟೇ ನಿಜ. ಆಲೆಮನೆಯಲ್ಲಿ ಈ ತೊಡಕಿಲ್ಲ. ನಿಮ್ಮ ಕಬ್ಬು ಅರೆದು, ನಿಮ್ಮ ಹಾಲು ಕಾಸಿ, ನಿಮ್ಮ ಅಚ್ಚು ತೆಗೆದರೆ ಬೆಲ್ಲ ನಿಮ್ಮದೇ.

ಯಾವುದರಿಂದ ಭಾಗಿಸಿದರು ಎಂಬುದೂ ಸಣ್ಣ ವಿಷಯವಲ್ಲ. ಕ್ರಿಕೆಟ್ ನೋಡುವ ಹುಡುಗರಿಗೆ ಇದು ದೊಡ್ಡವರಿಗಿಂತ ಚೆನ್ನಾಗಿ ಗೊತ್ತು. ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ 286 ಇನ್ನಿಂಗ್ಸ್ ಆಡಿ 13,288 ರನ್ ಮಾಡಿದರು. 286ರಿಂದ ಭಾಗಿಸಿದರೆ ಸುಮಾರು 46 ಬರುತ್ತದೆ. ಆದರೆ ಅವರ ಆವರೇಜ್ 52.31. ಔಟಾಗದೆ ಉಳಿದ 32 ಇನ್ನಿಂಗ್ಸ್ ತೆಗೆದು 254ರಿಂದ ಭಾಗಿಸಿದ್ದಾರೆ. ಕ್ರಿಕೆಟ್ಟಿನ ಸರಾಸರಿ ಆಡಿದ ಸಲವನ್ನು ಎಣಿಸುವುದಿಲ್ಲ, ಔಟಾದ ಸಲವನ್ನು ಎಣಿಸುತ್ತದೆ. ಮೇಲಿನ ಸಂಖ್ಯೆ ಒಂದೇ, ಕೆಳಗಿನದು ಬದಲಾದರೆ ಮನುಷ್ಯನ ಎತ್ತರವೇ ಬದಲಾಗುತ್ತದೆ.

ಮಕ್ಕಳಿಗೆ ಆವರೇಜ್ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಕನ್ನಡದಲ್ಲಿ 90, ಗಣಿತದಲ್ಲಿ 30 ತೆಗೆದವಳ ಸರಾಸರಿ 60. ಎರಡರಲ್ಲೂ 60 ತೆಗೆದವಳದೂ 60. ಈ ಇಬ್ಬರಿಗೂ ಒಂದೇ ಹೆಸರಿಟ್ಟು ಕಳಿಸಿದರೆ ಮೊದಲನೆಯವಳಿಗೆ ಬೇಕಾದ ಲೆಕ್ಕದ ಪಾಠವೂ ಸಿಗುವುದಿಲ್ಲ, ಸಲ್ಲಬೇಕಾದ ಶಹಬ್ಬಾಸ್‌ಗಿರಿಯೂ ಸಲ್ಲುವುದಿಲ್ಲ. 1950ರ ಸುಮಾರಿಗೆ ಅಮೆರಿಕದ ವಾಯುಪಡೆ ವಿಮಾನದ ಪೈಲಟ್ ಸೀಟನ್ನು ಸರಿಪಡಿಸಲು 4,063 ಪೈಲಟ್‌ಗಳ ಮೈ ಅಳತೆ ತೆಗೆಸಿತು. ಎತ್ತರ, ಎದೆ, ತೋಳು ಎಂದು 10 ಅಳತೆಗಳನ್ನು ಹಿಡಿದು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಜನ ಎಂದು ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕರು ಹುಡುಕಿದರು. ಒಬ್ಬರೂ ಸಿಗಲಿಲ್ಲ. ಆಮೇಲೆ ಸೀಟನ್ನು ಹಿಂದೆ ಮುಂದೆ ಜರುಗಿಸುವಂತೆ ಮಾಡಿದರು. ಪೈಲಟ್‌ಗಳಲ್ಲೇ ಸಿಗದ ಆವರೇಜ್ ಮನುಷ್ಯನನ್ನು ಏಳನೇ ತರಗತಿಯಲ್ಲಿ ಹುಡುಕುವುದೇಕೆ?

ಮಳೆಯ ಲೆಕ್ಕದಲ್ಲಿ ಸರಾಸರಿಗೆ ಒಂದು ಚಂದದ ಕನ್ನಡ ಹೆಸರು ಸಿಕ್ಕಿದೆ: ವಾಡಿಕೆ ಮಳೆ. ಪತ್ರಿಕೆಗಳಲ್ಲಿ ‘ವಾಡಿಕೆಗಿಂತ ಶೇ 20 ಕಡಿಮೆ’ ಎಂದು ಓದುವಾಗ ಹಿಂದಿನವರು ಕಂಡುಂಡ ಮಳೆ ಎಂಬ ಭಾವ ಬರುತ್ತದೆ. ಅದರ ಹಿಂದಿರುವುದೂ ಹಲವು ದಶಕಗಳ ಸರಾಸರಿಯೇ. ದೇಶದ ಮುಂಗಾರಿಗೆ ಹವಾಮಾನ ಇಲಾಖೆ ಈಗ ಹಿಡಿಯುವುದು 1971ರಿಂದ 2020ರವರೆಗಿನ 50 ವರ್ಷಗಳ ಸರಾಸರಿಯನ್ನು, ಸುಮಾರು 87 ಸೆಂಟಿಮೀಟರ್. ಅದರ ಶೇ 96ರಿಂದ 104ರೊಳಗೆ ಬಿದ್ದರೆ ಮಳೆ ಸಾಮಾನ್ಯ.

ರೈತರ ಹಳೆಯ ಲೆಕ್ಕದಲ್ಲಿ ಮಳೆಗಳನ್ನು ಒಂದಕ್ಕೊಂದು ಕೂಡುತ್ತಲೇ ಇರಲಿಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ, ಪ್ರತಿಯೊಂದಕ್ಕೂ ತನ್ನದೇ ಹೆಸರು, ತನ್ನದೇ ಕೆಲಸ. ಆರಂಭಕ್ಕೆ ಬೇಕಾದ ಮಳೆ ಬೇರೆ, ಪೈರು ತೆಂಡೆ ಒಡೆಯುವಾಗಿನದು ಬೇರೆ, ತೆನೆ ಹಾಲು ತುಂಬುವಾಗಿನದು ಬೇರೆ. ಒಂದು ಮಳೆ ತಪ್ಪಿದ್ದನ್ನು ಇನ್ನೊಂದು ಮಳೆ ಕಟ್ಟಿಕೊಡದು. ನಾಗಮಂಗಲದ ಬೆದ್ದಲು ಹೊಲದಲ್ಲಿ ರಾಗಿ ಮೂರು ವಾರ ಬಾಡಿ, ತಿಂಗಳ ಕೊನೆಗೆ ಎರಡು ದಿನ ಜಡಿಮಳೆ ಹೊಡೆದರೆ ತಿಂಗಳ ಪಟ್ಟಿಯಲ್ಲಿ ವಾಡಿಕೆ ಮಳೆ ಆಗಿಯೇ ಹೋಗುತ್ತದೆ. ಪಟ್ಟಿ ಸುಳ್ಳು ಹೇಳುತ್ತಿಲ್ಲ. ಪೈರಿಗೆ ಮಾತ್ರ ಆ ನೀರು ಬರಲಿಲ್ಲ.

ಮಂಡ್ಯ ಜಿಲ್ಲೆಯಲ್ಲಿ ಸರಾಸರಿಯ ಮಾತು ಎತ್ತಿ ಕಾವೇರಿಯನ್ನು ಬಿಡಲಾಗದು. 2007ರ ಫೆಬ್ರವರಿ 5ರ ಅಂತಿಮ ತೀರ್ಪಿನಲ್ಲಿ ನ್ಯಾಯಮಂಡಳಿ ಕಣಿವೆಯ ಒಟ್ಟು ನೀರು 740 ಟಿಎಂಸಿ ಎಂದು ಹಿಡಿದು ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಹಂಚಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿತು; ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಈ ಸಂಖ್ಯೆಗಳು ಜಿಲ್ಲೆಯ ಮಕ್ಕಳಿಗೂ ಬಾಯಿಪಾಠ. ಆದರೆ 740ರ ಹಿಂದೆ ಒಂದು ಷರತ್ತಿದೆ, ಅದು ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ: ಶೇ 50ರ ಅವಲಂಬನೆ. ನೂರು ವರ್ಷಗಳಲ್ಲಿ ಐವತ್ತು ವರ್ಷ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರು ಬರಬಹುದು ಎಂದು ಅದರ ಅರ್ಥ. ಗಣಿತದ ಪುಸ್ತಕದಲ್ಲಿ ಇದಕ್ಕೆ ಮಧ್ಯಾಂಕ ಎನ್ನುತ್ತಾರೆ, ಸರಾಸರಿಯ ದಾಯಾದಿ. ಉಳಿದ ಐವತ್ತು ವರ್ಷಗಳಲ್ಲಿ ನೀರು ಅದಕ್ಕಿಂತ ಕಡಿಮೆಯೇ. ಎಂದರೆ ತೀರ್ಪಿನ ‘ಸಾಮಾನ್ಯ ವರ್ಷ’ ಎರಡು ವರ್ಷಕ್ಕೊಮ್ಮೆ ತಪ್ಪುವುದು ಅದರ ಲೆಕ್ಕದೊಳಗೇ ಇದೆ.

2023ರಲ್ಲಿ ಮುಂಗಾರು ಕೈಕೊಟ್ಟು ಕೆಆರ್‌ಎಸ್ ತುಂಬಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಸೆಪ್ಟೆಂಬರ್ 23ರಂದು ಮಂಡ್ಯ ಬಂದ್, 29ರಂದು ಕರ್ನಾಟಕ ಬಂದ್. ಮರುವರ್ಷ ಜುಲೈನಲ್ಲೇ ಅಣೆಕಟ್ಟೆ 124.80 ಅಡಿ ಮುಟ್ಟಿತು. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿ, ಅದರ ಇತಿಹಾಸದಲ್ಲಿ ಮೊದಲ ಸಲ ಜೂನ್ 30ರಂದೇ ಬಾಗಿನ ಅರ್ಪಣೆಯಾಯಿತು. ಈ ಮೂರು ವರ್ಷ ಕೂಡಿ ಮೂರರಿಂದ ಭಾಗಿಸಿದರೆ ದೂರಲು ಏನೂ ಉಳಿಯುವುದಿಲ್ಲ. ಆದರೆ 2023ರಲ್ಲಿ ವಿ.ಸಿ. ನಾಲೆಯ ಕೊನೆಯ ಭಾಗದಲ್ಲಿ ನಾಟಿ ಇಲ್ಲದೆ ಗದ್ದೆ ಬೀಳು ಬಿಟ್ಟವರ ಸಾಲವನ್ನು 2024ರ ನೀರು ತೀರಿಸಲಿಲ್ಲ. ಸರಾಸರಿ ವರ್ಷದಲ್ಲಿ ಯಾರೂ ಬೇಸಾಯ ಮಾಡುವುದಿಲ್ಲ. ಬಂದ ವರ್ಷದಲ್ಲಿ ಮಾಡುತ್ತಾರೆ.

ನೀರು ಕಡಿಮೆಯಾದ ವರ್ಷಕ್ಕೆ ತೀರ್ಪು ಹೇಳಿರುವುದು, ಕೊರತೆಯನ್ನು ನಾಲ್ವರೂ ಅವರವರ ಪಾಲಿಗೆ ತಕ್ಕಂತೆ ಹೊತ್ತುಕೊಳ್ಳಬೇಕು ಎಂದು. ಇದಕ್ಕೇ ನಾವು ಸಂಕಷ್ಟ ಸೂತ್ರ ಎನ್ನುವುದು. ಹಡಗಿನ ವ್ಯಾಪಾರಿಗಳು ಕೇಳಿದ್ದರೆ ಇದು ನಮ್ಮ ಆವರೇಜ್ ಎಂದು ಗುರುತಿಸುತ್ತಿದ್ದರು. ಜಗಳವೆಲ್ಲ ಇರುವುದು ಕೊರತೆಯನ್ನು ಯಾರು, ಯಾವಾಗ, ಯಾವ ಅಣೆಕಟ್ಟೆಯ ಬಳಿ ಅಳೆಯಬೇಕು ಎಂಬಲ್ಲಿ. ವಿವಾದ ನೂರು ವರ್ಷ ದಾಟಿದರೂ ಸೂತ್ರ ಎರಡೂ ಕಡೆಯ ರೈತರ ಮನಸ್ಸಿಗೆ ಒಪ್ಪುವಂತೆ ನೆಲೆಯಾಗದಿರುವುದು ನನಗೆ ನೋವಿನ ಸಂಗತಿ.

ಹಳೆಯ ಅರ್ಥ, ಹೊಸ ಅರ್ಥ ಎರಡೂ ಒಂದೇ ಕಾಗದದ ಮೇಲೆ ಎದುರುಬದುರಾಗುವುದು ಬೆಳೆ ವಿಮೆಯಲ್ಲಿ. ಈ ಯೋಚನೆಯ ಬೇರು ನಮ್ಮ ಮೈಸೂರು ಸಂಸ್ಥಾನದಲ್ಲೇ ಇದೆ. ಸಂಸ್ಥಾನದ ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿಯವರು 1920ರಲ್ಲೇ ಬೇಸಾಯದ ವಿಮೆಯ ಬಗ್ಗೆ ಪುಸ್ತಕ ಬರೆದು ಒಂದು ಯೋಜನೆ ಮುಂದಿಟ್ಟರು. ಒಬ್ಬೊಬ್ಬ ರೈತನ ಹೊಲ ಹೊಕ್ಕು ನಷ್ಟ ಅಳೆಯುವುದು ಆಗದ ಮಾತು. ಒಂದು ಸೀಮೆಯ ಮಳೆ ವಾಡಿಕೆಗಿಂತ ಇಷ್ಟು ಕಡಿಮೆಯಾದರೆ ಆ ಸೀಮೆಯ ವಿಮೆದಾರರಿಗೆಲ್ಲ ಪರಿಹಾರ ಕೊಡೋಣ ಎಂಬುದು ಅದರ ತಿರುಳು. ಜಗತ್ತಿನಲ್ಲಿ ಮಳೆ ಆಧರಿಸಿದ ವಿಮೆಯ ಮಾತು ಬಂದಾಗ ತಜ್ಞರು ಇಂದಿಗೂ ಅವರ ಹೆಸರು ಹೇಳುತ್ತಾರೆ. ಮಂಡ್ಯದಲ್ಲಿ ಅದನ್ನು ನೆನೆದದ್ದು ನಾನು ಕೇಳಿಲ್ಲ.

ಈಗಿನ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ನಡೆದಿದೆ. ಮುಂಗಾರಿನ ಆಹಾರ ಬೆಳೆಗೆ ರೈತರು ಕಟ್ಟುವುದು ವಿಮೆ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಬೆಳೆಗೆ ಶೇ 5. ಉಳಿದದ್ದನ್ನು ಸರ್ಕಾರಗಳು ಕಟ್ಟುತ್ತವೆ. ಸಾವಿರ ಜನ ಸ್ವಲ್ಪ ಸ್ವಲ್ಪ ಹಾಕಿ, ಬೆಳೆ ಹೋದವರನ್ನು ಎತ್ತುವುದು. ಇಲ್ಲಿಯವರೆಗೆ ಇದು ಕಡಲಿನ ಆವರೇಜ್. ಬೆಳೆ ಹೋಯಿತೋ ಇಲ್ಲವೋ ಎಂದು ತೀರ್ಮಾನಿಸುವಾಗ ಪುಸ್ತಕದ ಆವರೇಜ್ ಬರುತ್ತದೆ. ಮುಖ್ಯ ಬೆಳೆಗಾದರೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ಒಂದು ಘಟಕ. ಪಂಚಾಯಿತಿಯಲ್ಲಿ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ. ಸರ್ವೆ ನಂಬರುಗಳನ್ನು ಗೊತ್ತುಗುರಿಯಿಲ್ಲದೆ ಆರಿಸಿ, ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಜಾಗದ ಪೈರು ಕೊಯ್ದು, ಬಡಿದು, ತೂಗುತ್ತಾರೆ. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದರ ಸರಾಸರಿಯನ್ನು ಆಧಾರವಾಗಿಟ್ಟು ಒಂದು ಗೆರೆ ಎಳೆದಿರುತ್ತಾರೆ. ನಾಲ್ಕು ತೂಕಗಳ ಸರಾಸರಿ ಆ ಗೆರೆಗಿಂತ ಕೆಳಗಿದ್ದರೆ ಘಟಕದ ವಿಮೆದಾರರಿಗೆಲ್ಲ ಪರಿಹಾರ, ಮೇಲಿದ್ದರೆ ಯಾರಿಗೂ ಇಲ್ಲ.

ಉದಾಹರಣೆಗೆ ರಾಗಿಯ ಗೆರೆ ಎಕರೆಗೆ 8 ಕ್ವಿಂಟಲ್ ಎನ್ನಿ. ಮೂರು ಹೊಲಗಳಲ್ಲಿ 12, 11, 10 ಬಂತು. ಏರಿಯ ಮೇಲಿನ ನಾಲ್ಕನೇ ಹೊಲದಲ್ಲಿ ಒಂದೇ ಕ್ವಿಂಟಲ್. ಕೂಡಿ ಭಾಗಿಸಿದರೆ ಎಂಟೂವರೆ. ಪರಿಹಾರ ಸೊನ್ನೆ. ಆ ನಾಲ್ಕನೇ ಹೊಲದ ಹೆಂಗಸಿಗೆ ‘ನಿಮ್ ಪಂಚಾಯ್ತಿ ಆವರೇಜು ಚೆನ್ನಾಗದೆ ಕಣಮ್ಮ’ ಎಂದು ಹೇಳಿ ಕಳಿಸುವವರಿಗೂ ಮನಸ್ಸು ಹಗುರಾಗಿರಲಾರದು. ಆಲಿಕಲ್ಲು, ಭೂಕುಸಿತ, ಹೊಲ ಮುಳುಗಡೆಯಾದರೆ ಒಬ್ಬೊಬ್ಬರ ನಷ್ಟವನ್ನೂ ಬೇರೆ ಬೇರೆ ನೋಡಲು ಅವಕಾಶವಿದೆ. ಒಣಗಿಹೋದ ಬೆಳೆಗೆ ಇಲ್ಲ.

ಘಟಕ ಚಿಕ್ಕದಾದಷ್ಟೂ ಅನ್ಯಾಯ ಕಡಿಮೆ. ತಾಲ್ಲೂಕಿನಿಂದ ಹೋಬಳಿಗೆ, ಹೋಬಳಿಯಿಂದ ಪಂಚಾಯಿತಿಗೆ ಇಳಿದಿರುವುದು ಒಳ್ಳೆಯ ದಾರಿ. ಇನ್ನೂ ಇಳಿಸುವುದಕ್ಕೆ ಖರ್ಚು, ಜನ, ಸಮಯ ಬೇಕು, ಅದು ಅರ್ಥವಾಗುತ್ತದೆ. ಆದರೆ ಈಗಲೇ ಖರ್ಚಿಲ್ಲದೆ ಮಾಡಬಹುದಾದ ಒಂದು ಕೆಲಸವಿದೆ. ನಾಲ್ಕು ಹೊಲಗಳ ತೂಕ ಇಲಾಖೆಯ ಬಳಿ ಇದ್ದೇ ಇರುತ್ತದೆ, ಇಲ್ಲದಿದ್ದರೆ ಸರಾಸರಿ ಬರುವುದೆಲ್ಲಿಂದ? ಕಿಕ್ಕೇರಿಯಲ್ಲಾಗಲಿ ಬೇರೆಲ್ಲೇ ಆಗಲಿ, ಪಂಚಾಯಿತಿ ಕಚೇರಿಯ ಗೋಡೆಗೆ ಆ ಒಂದು ಸಂಖ್ಯೆಯ ಜೊತೆಗೆ ನಾಲ್ಕನ್ನೂ ಬರೆದು ಹಚ್ಚಲಿ. ಎಲ್ಲಿ 12 ಬಂತು, ಎಲ್ಲಿ 1 ಬಂತು, ಕೊಯ್ದದ್ದು ಯಾವ ದಿನ ಎಂಬುದು ಗೊತ್ತಾದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದಕ್ಕೆ ಆ ನಾಲ್ಕನೇ ಹೊಲದವರ ಕೈಯಲ್ಲಿ ಒಂದು ಆಧಾರವಿರುತ್ತದೆ.